ಕಡೆಯ ದಿನದ ವಿಚಾರಣೆ: ಕುರಿಗಳೂ ಆಡುಗಳೂ

ಸತ್ತ ಮೇಲೆ ಮನುಷ್ಯನ ಬಾಳಿಗೆ ಲೆಕ್ಕ ಕೇಳುವವನೊಬ್ಬನಿದ್ದಾನೆಂಬ ನಂಬಿಕೆ ಯಾವುದೋ ಒಂದು ಮತದ ಸೊತ್ತಲ್ಲ. ನಮ್ಮಲ್ಲಿ ಯಮಧರ್ಮನ ಆಸ್ಥಾನವಿದೆ. ಅಲ್ಲಿ ಚಿತ್ರಗುಪ್ತನು ಪ್ರತಿಯೊಬ್ಬನ ಪಾಪಪುಣ್ಯಗಳನ್ನೂ ಒಂದಕ್ಷರ ಬಿಡದೆ ಬರೆದಿಡುತ್ತಾನೆ. ಪ್ರಾಚೀನ ಈಜಿಪ್ತಿನವರು ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದೇವತೆಯ ಗರಿಯನ್ನಿಟ್ಟು ತೂಗುವ ಚಿತ್ರಗಳನ್ನು ಬರೆದರು. ಯೆಹೂದ್ಯರಲ್ಲಿಯೂ ಮುಸಲ್ಮಾನರಲ್ಲಿಯೂ ಕಡೆಯ ದಿನದ ನ್ಯಾಯವಿಚಾರಣೆಯ ಕಲ್ಪನೆ ಬಲವಾಗಿದೆ. ಕ್ರೈಸ್ತರ ಧರ್ಮಗ್ರಂಥದಲ್ಲಿ ಈ ವಿಚಾರಣೆಯ ಮಾತು ಹಲವೆಡೆ ಬಂದಿದ್ದರೂ, ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದ ಕೊನೆಯಲ್ಲಿರುವ ಸಾಮ್ಯದಷ್ಟು ಜನರ ಮನಸ್ಸನ್ನು ಕಲಕಿದುದು ಬೇರೊಂದಿರಲಾರದು. ಹದಿನಾರೇ ವಚನಗಳ ಪ್ರಸಂಗವದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೯ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಅದು ಕನ್ನಡಕ್ಕೂ ಬಂದಿತು. ಅದರ ಅರ್ಥವೇನೆಂಬುದನ್ನು ಇಂದು ವಾಚಕರೊಡನೆ ಕೂಡಿ ವಿಚಾರಿಸಬೇಕೆಂದಿದ್ದೇವೆ.

ಯೇಸು ಈ ಮಾತುಗಳನ್ನು ಆಡಿದುದು ಯೆರೂಸಲೇಮಿನ ಎದುರಿಗಿರುವ ಎಣ್ಣೆಮರಗಳ ಗುಡ್ಡದ ಮೇಲೆ, ತನ್ನ ಶಿಷ್ಯರ ಮುಂದೆ. ಪಸ್ಕಹಬ್ಬಕ್ಕೆ ಇನ್ನು ಎರಡೇ ದಿನಗಳಿದ್ದುವೆಂದು ಸುವಾರ್ತೆ ಹೇಳುತ್ತದೆ. ಅಂದರೆ ಆತನ ಬಂಧನಕ್ಕೂ ಮರಣಕ್ಕೂ ಉಳಿದಿದ್ದ ಕಾಲ ಅಷ್ಟೇ. ಅದೇ ಉಪದೇಶದಲ್ಲಿ ದೀಪ ಹಿಡಿದು ಮದುಮಗನಿಗಾಗಿ ಕಾದ ಹತ್ತು ಮಂದಿ ಕನ್ಯೆಯರ ಕಥೆಯನ್ನೂ, ಯಜಮಾನನು ಆಳುಗಳ ಕೈಗೆ ಹಣವನ್ನೊಪ್ಪಿಸಿ ದೂರದೇಶಕ್ಕೆ ಹೋದ ಕಥೆಯನ್ನೂ ಹೇಳಿ ಮುಗಿಸಿದ್ದನು. ಅವುಗಳ ಹಿಂದೆಯೇ ಬಂದಿತು ಈ ಮೂರನೆಯದು.

ಕಥೆ ಇಷ್ಟು. ಮನುಷ್ಯಕುಮಾರನು ದೂತರ ಪರಿವಾರದೊಡನೆ ಬಂದು ಸಿಂಹಾಸನದಲ್ಲಿ ಕುಳಿತುಕೊಳ್ಳುವನು. ಲೋಕದ ಎಲ್ಲ ಜನಾಂಗಗಳೂ ಆತನ ಮುಂದೆ ಕೂಡುವುವು. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆಮಾಡುವಂತೆ ಆತನು ಜನರನ್ನು ಬಲಕ್ಕೂ ಎಡಕ್ಕೂ ವಿಂಗಡಿಸುವನು. ಬಲಗಡೆಯವರಿಗೆ ರಾಜ್ಯವನ್ನು ಕೊಡುತ್ತ ಅದಕ್ಕೆ ಕಾರಣವನ್ನೂ ಹೇಳುವನು: ತಾನು ಹಸಿದಾಗ ಅವರು ಉಣ್ಣಲಿಕ್ಕಿದರು, ಬಾಯಾರಿದಾಗ ನೀರು ಕೊಟ್ಟರು, ಪರದೇಶಿಯಾಗಿ ಬಂದಾಗ ಮನೆಯೊಳಕ್ಕೆ ಕರೆದರು, ಬಟ್ಟೆಯಿಲ್ಲದಾಗ ಹೊದಿಸಿದರು, ರೋಗ ಬಿದ್ದಾಗ ಬಂದು ನೋಡಿದರು, ಸೆರೆಯಲ್ಲಿದ್ದಾಗ ಹುಡುಕಿಕೊಂಡು ಬಂದರು. ಅವರಿಗೋ ಆಶ್ಚರ್ಯ. ಅರಸನನ್ನು ಅಂಥ ಸ್ಥಿತಿಯಲ್ಲಿ ಕಂಡ ನೆನಪೇ ಅವರಿಗಿಲ್ಲ. ಆಗ ಆತನು, ತನ್ನ ಸಹೋದರರಲ್ಲಿ ತೀರ ಅಲ್ಪನಾದ ಒಬ್ಬನಿಗೆ ಮಾಡಿದುದೆಲ್ಲ ತನಗೇ ಸಂದಿತೆಂದು ತಿಳಿಸುವನು. ಎಡಗಡೆಯವರಿಗೆ ಇದೇ ಪಟ್ಟಿಯನ್ನು ಇಲ್ಲವೆಂಬ ರೂಪದಲ್ಲಿ ಓದಿ ಹೇಳುವನು. ಅವರೂ ಅಷ್ಟೇ ಬೆರಗಾಗಿ ಅದೇ ಪ್ರಶ್ನೆಯನ್ನು ಕೇಳುವರು. ಅವರ ಪಾಲಿಗೆ ಬೆಂಕಿ.

ನಿಜವಾಗಿ ನೋಡಿದರೆ ಇಲ್ಲಿ ಸಾಮ್ಯವೆನ್ನತಕ್ಕದ್ದು ಕುರುಬನ ಹೋಲಿಕೆ ಮಾತ್ರ. ಉಳಿದುದೆಲ್ಲ ಮುಂದಾಗುವುದರ ವರ್ಣನೆ. ಆದರೂ ಆ ಹೋಲಿಕೆ ಯೋಚಿಸತಕ್ಕದ್ದು. ಪಾಲೆಸ್ತೀನದಲ್ಲಿ ಕುರಿ ಆಡುಗಳು ಹಗಲೆಲ್ಲ ಒಂದೇ ಮಂದೆಯಲ್ಲಿ ಮೇಯುತ್ತಿದ್ದುವು. ನಮ್ಮ ಬಯಲುಸೀಮೆಯ ಮಂದೆಗಳಲ್ಲಿಯೂ ಹೀಗೆಯೇ ಎಂಬುದನ್ನು ಆ ಕಡೆಯ ವಾಚಕರು ಬಲ್ಲರು. ಆಡೆಂದರೆ ಅಲ್ಲಿ ಕೀಳು ಪ್ರಾಣಿಯೇನೂ ಆಗಿರಲಿಲ್ಲ. ಪಸ್ಕಹಬ್ಬದ ಬಲಿಯನ್ನು ಕುರಿಗಳಿಂದಾಗಲಿ ಆಡುಗಳಿಂದಾಗಲಿ ಆರಿಸಿಕೊಳ್ಳಬಹುದೆಂದು ಮೋಶೆಯ ಧರ್ಮಶಾಸ್ತ್ರವೇ ಹೇಳಿದೆ. ಒಂದೇ ಹುಲ್ಲನ್ನು ಮೇದು, ಒಂದೇ ಕೆರೆಯ ನೀರನ್ನು ಕುಡಿದು, ಒಬ್ಬನೇ ಕುರುಬನ ಹಿಂದೆ ನಡೆದವುಗಳ ನಡುವೆ ಗೆರೆ ಬೀಳುವುದು ಕಡೆಯಲ್ಲಿ. ಅಲ್ಲಿಯವರೆಗೆ ಬೇರೆಮಾಡುವ ಅಧಿಕಾರ ಮಂದೆಯಲ್ಲಿ ಯಾರಿಗೂ ಇಲ್ಲ. ಧರ್ಮದ ಹೆಸರಿನಲ್ಲಿ ನೆರೆಯವನನ್ನು ಈಗಲೇ ಎಡಕ್ಕೆ ನಿಲ್ಲಿಸಿಬಿಡುವ ಅವಸರಗಾರರು ಇದನ್ನು ಗಮನಿಸಿದಂತೆ ತೋರುವುದಿಲ್ಲ.

ಇನ್ನು ಆ ಆರು ಕೆಲಸಗಳು. ಇಂದು ಓದುವಾಗ ಅವು ಸಾಮಾನ್ಯವಾದ ದಾನಧರ್ಮದ ಪಟ್ಟಿಯಂತೆ ಕಾಣುತ್ತವೆ. ಆ ನಾಡಿನಲ್ಲಿ, ಆ ಕಾಲದಲ್ಲಿ ಒಂದೊಂದೂ ಪ್ರಾಣದ ಪ್ರಶ್ನೆಯಾಗಿತ್ತು. ಅಲ್ಲಿ ಮಳೆ ಚಳಿಗಾಲದಲ್ಲಿ ಮಾತ್ರ. ಬೇಸಿಗೆಯ ದೀರ್ಘವಾದ ತಿಂಗಳುಗಳಲ್ಲಿ ದಾರಿಹೋಕನಿಗೆ ಒಂದು ಬಟ್ಟಲು ನೀರು ಸಿಕ್ಕುವುದೆಂದರೆ ಅಷ್ಟಿಷ್ಟಲ್ಲ. ಬಡವನ ಮೇಲ್ಹೊದಿಕೆಯೇ ರಾತ್ರಿ ಅವನ ಹಾಸಿಗೆ. ಆದುದರಿಂದಲೇ ಅದನ್ನು ಒತ್ತೆಯಿಟ್ಟುಕೊಂಡವನು ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡತಕ್ಕದ್ದೆಂದು ಶಾಸ್ತ್ರ ವಿಧಿಸಿತ್ತು. ಪರವೂರಿನಿಂದ ಬಂದವನಿಗೆ ನಂಬಿ ತಂಗುವಂಥ ಛತ್ರಗಳು ವಿರಳ. ಯಾರಾದರೊಬ್ಬರು ಬಾಗಿಲು ತೆರೆಯದಿದ್ದರೆ ಬೀದಿಯೇ ಗತಿ. ಸೆರೆಮನೆಯ ಸಂಗತಿಯಂತೂ ಇನ್ನೂ ಕಠಿಣವಾದುದು. ಅಂದಿನ ಸೆರೆಮನೆಯಲ್ಲಿದ್ದವರು ಹೆಚ್ಚಾಗಿ ವಿಚಾರಣೆಗಾಗಿಯೋ ಶಿಕ್ಷೆಗಾಗಿಯೋ ಕಾಯುತ್ತಿದ್ದವರು, ಇಲ್ಲವೆ ಸಾಲ ತೀರಿಸಲಾರದವರು. ಹೊರಗಿನಿಂದ ಯಾರಾದರೂ ಅನ್ನ ತಂದುಕೊಡದಿದ್ದರೆ ಅವರ ಪಾಡು ಹೇಳತೀರದು. ಸೆರೆಯವನನ್ನು ನೋಡಹೋಗುವುದೆಂದರೆ ಕುಶಲ ವಿಚಾರಿಸಿ ಬರುವುದಲ್ಲ, ಆತನನ್ನು ಬದುಕಿಸಿ ಬರುವುದು. ಅಧಿಕಾರಿಗಳ ಕಣ್ಣಿಗೆ ತಾನೂ ಬೀಳುವ ಅಪಾಯವನ್ನು ಕಟ್ಟಿಕೊಳ್ಳುವುದು.

ಈ ಪಟ್ಟಿ ಯೇಸುವಿನ ಹೊಸ ಸೃಷ್ಟಿಯಲ್ಲ. ಹಸಿದವನೊಡನೆ ಅನ್ನ ಹಂಚಿಕೊಳ್ಳುವುದೇ ದೇವರಿಗೆ ಪ್ರಿಯವಾದ ಉಪವಾಸವೆಂಬ ಅರ್ಥದ ಮಾತನ್ನು ಯೆಶಾಯ ಪ್ರವಾದಿಯ ಗ್ರಂಥ ಶತಮಾನಗಳ ಹಿಂದೆಯೇ ಹೇಳಿತ್ತು. ಅದಕ್ಕೂ ಬಹಳ ಹಿಂದೆ, ಮೃತರ ಪುಸ್ತಕವೆಂದು ಈಗ ಕರೆಯಲ್ಪಡುವ ಈಜಿಪ್ತಿನ ಗ್ರಂಥದ ೧೨೫ನೆಯ ಪ್ರಕರಣದಲ್ಲಿ, ಸತ್ತವನು ದೇವತೆಗಳ ಮುಂದೆ ನಿಂತು ತಾನು ಹಸಿದವರಿಗೆ ರೊಟ್ಟಿಯನ್ನೂ ಬಾಯಾರಿದವರಿಗೆ ನೀರನ್ನೂ ಬತ್ತಲೆಯವರಿಗೆ ಬಟ್ಟೆಯನ್ನೂ ದೋಣಿಯಿಲ್ಲದವರಿಗೆ ದೋಣಿಯನ್ನೂ ಕೊಟ್ಟಿರುವೆನೆಂದು ನಿವೇದಿಸಿಕೊಳ್ಳುತ್ತಾನೆ. ನೈಲ್ ನದಿಯ ನಾಡಿನಲ್ಲಿ ದೋಣಿಯೂ ದಾನದ ವಸ್ತುವೆಂಬುದು ಸಹಜವೇ. ಪಟ್ಟಿಗಳೆರಡೂ ಅಕ್ಕತಂಗಿಯರಂತಿವೆ. ಭೇದವಿರುವುದು ಬೇರೊಂದು ಕಡೆ. ಈಜಿಪ್ತಿನವನು ತನ್ನ ಪುಣ್ಯವನ್ನು ತಾನೇ ಎಣಿಸಿ ಹೇಳಬಲ್ಲನು, ಹೇಳಲೂ ಬೇಕು. ಸುವಾರ್ತೆಯ ಬಲಗಡೆಯವರಿಗೆ ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ. ಲೆಕ್ಕವನ್ನು ಅವರು ಇಟ್ಟೇ ಇಲ್ಲ. ಅರಸನು ಜಮಾ ಹಿಡಿದುದನ್ನು ಕೇಳಿ, ಖಾತೆ ತಪ್ಪಿ ತಮ್ಮ ಹೆಸರಿಗೆ ಬಂದಿರಬೇಕೆಂಬಂತೆ ಪ್ರಶ್ನಿಸುತ್ತಾರೆ. ದಿನವೆಲ್ಲ ಖರ್ಚು ಜಮೆಗಳನ್ನು ಸರಿದೂಗಿಸುವ ನಮ್ಮ ಗುಮಾಸ್ತ ಮಿತ್ರರಿಗೆ ಈ ವಿಚಿತ್ರ ಕೂಡಲೇ ಹೊಳೆದೀತು.

ನಮ್ಮ ಎಣಿಕೆಯಲ್ಲಿ ಈ ಸಾಮ್ಯದ ತಿರುಳು ಇಲ್ಲಿಯೇ ಇದೆ. ಬಲಗಡೆಯವರು ಅರಸನನ್ನು ಗುರುತಿಸಿದವರಲ್ಲ, ಎಡಗಡೆಯವರೂ ಗುರುತಿಸಿದವರಲ್ಲ. ಇಬ್ಬರೂ ಆತನನ್ನು ಸ್ವಾಮಿಯೆಂದೇ ಕರೆಯುತ್ತಾರೆ. ಆದುದರಿಂದ ಬಾಯಿಮಾತಿನ ಭಕ್ತಿಯಲ್ಲಿಯೂ ಅವರೊಳಗೆ ಭೇದವಿಲ್ಲ. ಎಡಗಡೆಯವರ ಪ್ರಶ್ನೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅದರೊಳಗೆ ಒಂದು ವಾದವಡಗಿದೆ: ಹಸಿದವನು ಅರಸನೆಂದು ಗೊತ್ತಿದ್ದರೆ ನಾವು ಉಣ್ಣಲಿಕ್ಕದೆ ಇರುತ್ತಿದ್ದೆವೇ? ಖಂಡಿತವಾಗಿಯೂ ಇಕ್ಕುತ್ತಿದ್ದರು. ಮಣೆ ಹಾಕಿ ಬಡಿಸುತ್ತಿದ್ದರು. ಅವರನ್ನು ಹಿಡಿದುಹಾಕುವುದೂ ಅದೇ ಮಾತು.

ಇನ್ನೊಂದು ಸಂಗತಿ. ಎಡಗಡೆಯವರು ಕೊಲೆಮಾಡಿದರೆಂದಾಗಲಿ, ಕಳವು ಮಾಡಿದರೆಂದಾಗಲಿ, ಸುಳ್ಳುಸಾಕ್ಷಿ ಹೇಳಿದರೆಂದಾಗಲಿ ಅರಸನು ದೂರುವುದಿಲ್ಲ. ಅವರು ಏನನ್ನೂ ಮಾಡಲಿಲ್ಲ. ಅಷ್ಟೇ ಅವರ ಮೇಲಿನ ಆಪಾದನೆ. ಜೊತೆಗೆ, ಬಲಗಡೆಯವರಿಗೆ ಕೊಟ್ಟ ರಾಜ್ಯವು ಲೋಕಾದಿಯಿಂದಲೂ ಅವರಿಗಾಗಿಯೇ ಸಿದ್ಧವಾಗಿತ್ತೆಂದು ಹೇಳಿದ ಗ್ರಂಥ, ಬೆಂಕಿಯನ್ನು ಕುರಿತು ಅದು ಸೈತಾನನಿಗೂ ಅವನ ದೂತರಿಗೂ ಸಿದ್ಧಪಡಿಸಿದ್ದೆಂದು ಹೇಳುತ್ತದೆ. ಮನುಷ್ಯನಿಗೆಂದು ಯಾರೂ ಹಚ್ಚದ ಬೆಂಕಿಗೆ ಮನುಷ್ಯನು ಹೋಗಿ ಬೀಳುತ್ತಾನೆ. ಆ ಶಿಕ್ಷೆ ನಿತ್ಯವಾದುದೆಂಬ ಕೊನೆಯ ಮಾತು ಕ್ರೈಸ್ತರಲ್ಲಿಯೇ ಬಹು ಚರ್ಚೆಗೆ ಗುರಿಯಾಗಿದೆ. ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಆರಿಜೆನನು ಶಿಕ್ಷೆಯೆಂದರೆ ತಿದ್ದುವ ಉಪಾಯವೆಂದೂ ಕಟ್ಟಕಡೆಗೆ ಎಲ್ಲರೂ ದೇವರೆಡೆಗೆ ಮರಳಬಹುದೆಂದೂ ಆಶಿಸಿದನು. ಸಭೆಯ ಬಹುಮತ ಅದನ್ನೊಪ್ಪಲಿಲ್ಲ. ಈ ಜಟಿಲತೆಯನ್ನು ಬಿಡಿಸುವ ಸಾಹಸಕ್ಕೆ ನಾವು ಹೋಗುವುದಿಲ್ಲ.

೪ನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಮತ್ತಾಯನ ಸುವಾರ್ತೆಯನ್ನು ಕುರಿತು ಉಪನ್ಯಾಸ ಮಾಡಿದ ಜಾನ್ ಕ್ರಿಸೊಸ್ತೊಮನು ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದನು. ಅರಸನು ರೋಗಿಯನ್ನು ವಾಸಿಮಾಡಿದಿರೆಂದು ಹೇಳುವುದಿಲ್ಲ, ಬಂದು ನೋಡಿದಿರೆನ್ನುತ್ತಾನೆ; ಸೆರೆಯಿಂದ ಬಿಡಿಸಿದಿರೆಂದು ಹೇಳುವುದಿಲ್ಲ, ಬಳಿಗೆ ಬಂದಿರೆನ್ನುತ್ತಾನೆ. ಕೇಳಿದುದೆಲ್ಲ ಕೈಗೆಟುಕುವಂಥದು. ವೈದ್ಯನಲ್ಲದವನೂ ವಕೀಲನಲ್ಲದವನೂ ಧನಿಕನಲ್ಲದವನೂ ಮಾಡಬಲ್ಲಂಥದು. ಇದೇ ಕ್ರಿಸೊಸ್ತೊಮನು, ದೇವಾಲಯದಲ್ಲಿ ಕ್ರಿಸ್ತನಿಗೆ ರೇಷ್ಮೆ ಹೊದಿಸಿ ಹೊರಗೆ ಚಳಿಯಲ್ಲಿ ಬತ್ತಲೆಯಾಗಿ ನಡುಗುತ್ತಿರುವ ಅದೇ ಕ್ರಿಸ್ತನನ್ನು ಮರೆಯುವುದು ಎಂಥ ಪೂಜೆಯೆಂದು ಶ್ರೀಮಂತರನ್ನು ಕಟುವಾಗಿ ಕೇಳಿದನು. ಆತನು ಮುಂದೆ ಕಾನ್‌ಸ್ಟಾಂಟಿನೋಪಲಿನ ಮಹಾಧರ್ಮಾಧ್ಯಕ್ಷನಾಗಿ, ಅರಮನೆಯ ವಿರೋಧ ಕಟ್ಟಿಕೊಂಡು, ೪೦೭ರಲ್ಲಿ ದೇಶಭ್ರಷ್ಟನಾಗಿಯೇ ತೀರಿಕೊಂಡನು.

ಈಗ ಪಂಡಿತರ ಒಂದು ವಾದ. ಅಲ್ಪರಾದ ಆ ಸಹೋದರರು ಯಾರು? ಲೋಕದ ದೀನದರಿದ್ರರೆಲ್ಲರೂ ಎಂಬುದು ಇಂದು ಹೆಚ್ಚಾಗಿ ಕೇಳಿಬರುವ ಉತ್ತರ. ಆದರೆ ಮತ್ತಾಯನ ಸುವಾರ್ತೆಯಲ್ಲಿ ಯೇಸು ತನ್ನ ಸಹೋದರರೆಂದು ಕರೆದಿರುವುದು ಶಿಷ್ಯರನ್ನು. ೧೦ನೆಯ ಅಧ್ಯಾಯದಲ್ಲಿ ಆ ಶಿಷ್ಯರನ್ನು ಹಣವಿಲ್ಲದೆ, ಚೀಲವಿಲ್ಲದೆ ಊರೂರಿಗೆ ಕಳುಹಿಸುವಾಗ, ಅವರಿಗೆ ಒಂದು ಬಟ್ಟಲು ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಹೇಳಿದ್ದಾನೆ. ಆದುದರಿಂದ ಇಲ್ಲಿ ಜನಾಂಗಗಳಿಗೆ ನ್ಯಾಯತೀರ್ಪಾಗುವುದು ಅವು ಕ್ರಿಸ್ತನ ದೂತರನ್ನು ಹೇಗೆ ನಡೆಸಿಕೊಂಡವೆಂಬುದರ ಮೇಲೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಈ ವಾದಕ್ಕೆ ಗ್ರಂಥದ ಬಲವಿದೆ, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೂ ಅದು ಒಂದು ಕಡೆ ಎಡವುತ್ತದೆಂದು ನಮಗೆ ತೋರುತ್ತದೆ. ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂಬುದು ತಿಳಿದಿರಲಿಲ್ಲವಲ್ಲ! ಬಾಗಿಲಲ್ಲಿ ನಿಂತವನು ಕ್ರಿಸ್ತನ ದೂತನೆಂದರಿತು ಉಪಚರಿಸಿದ್ದರೆ ಕಡೆಯ ದಿನ ಅವರಿಗೆ ಆಶ್ಚರ್ಯವೇತಕ್ಕೆ? ಅವರ ಕಣ್ಣಿಗೆ ಕಂಡವನು ಹಸಿದ ಪರದೇಶಿಯೊಬ್ಬನು, ಅಷ್ಟೇ. ಹಾಗೆಂದು ಎಲ್ಲ ಮತಗಳೂ ಒಂದೇ ಎಂಬುದನ್ನು ಈ ಸಾಮ್ಯ ಹೇಳುತ್ತದೆಂದು ಕೊಂಡಾಡುವವರ ಮಾತೂ ಸರಿಯಲ್ಲ. ಸಿಂಹಾಸನದ ಮೇಲಿರುವವನು ಯಾರೆಂಬುದರಲ್ಲಿ ಮತ್ತಾಯನಿಗೆ ಎಳ್ಳಷ್ಟೂ ಸಂದೇಹವಿಲ್ಲ. ವಿಚಾರಣೆಯ ಪ್ರಶ್ನೆಗಳಲ್ಲಿ ಮಾತ್ರ ಮತದ ಹೆಸರು ಬಾರದು.

ಪುಣ್ಯಕಾರ್ಯದಿಂದಲ್ಲ, ನಂಬಿಕೆಯಿಂದಲೇ ಮೋಕ್ಷವೆಂದು ೧೬ನೆಯ ಶತಮಾನದಲ್ಲಿ ಸಾರಿದ ಲೂಥರನ ಅನುಯಾಯಿಗಳಿಗೆ ಈ ಭಾಗ ಸ್ವಲ್ಪ ತೊಡಕಾಗದಿರಲಿಲ್ಲ. ಕೆಲಸಗಳು ಮರದ ಬೇರಲ್ಲ, ಹಣ್ಣು ಎಂಬುದು ಅವರ ಸಮಾಧಾನ.

ಅದಕ್ಕಿಂತ ದೊಡ್ಡ ತೊಡಕು ಓದುಗನದೇ. ಅರಿಯದೆ ಮಾಡಿದವರಿಗೆ ರಾಜ್ಯ ಸಂದಿತು ನಿಜ. ಆದರೆ ಈ ಕಥೆಯನ್ನು ಒಮ್ಮೆ ಕೇಳಿದವನು ಇನ್ನು ಅರಿಯದೆ ಮಾಡುವುದೆಂತು? ಮುಂದೆ ಕೈಯೊಡ್ಡಿದ ಪ್ರತಿಯೊಬ್ಬನಲ್ಲಿಯೂ ಮಾರುವೇಷದ ಅರಸನನ್ನು ಶಂಕಿಸಿ ಕೊಟ್ಟರೆ ಅದು ದಾನವೋ, ಮುಂಗಡವೋ? ಟಾಲ್‌ಸ್ಟಾಯ್ ೧೮೮೫ರಲ್ಲಿ ಬರೆದ ಒಂದು ಕಥೆ ಈ ಪ್ರಶ್ನೆಯ ಸುತ್ತಲೇ ಸುಳಿಯುತ್ತದೆ. ನೆಲಮಾಳಿಗೆಯಲ್ಲಿ ಕುಳಿತು ಜೋಡು ಹೊಲಿಯುವ ಮಾರ್ಟಿನನೆಂಬ ಮೋಚಿಗೆ, ನಾಳೆ ಬರುವೆನೆಂದು ಕ್ರಿಸ್ತನು ಹೇಳಿದಂತೆ ರಾತ್ರಿ ಕೇಳಿಸುತ್ತದೆ. ಮರುದಿನವೆಲ್ಲ ಕಿಟಕಿಯ ಕಡೆಗೇ ಅವನ ಕಣ್ಣು. ಬಂದವರು ಹಿಮ ಗುಡಿಸಿ ದಣಿದ ಮುದುಕನೊಬ್ಬನು, ಚಳಿಗೆ ಬಟ್ಟೆಯಿಲ್ಲದ ಬಾಣಂತಿಯೊಬ್ಬಳು, ಸೇಬು ಮಾರುವ ಮುದುಕಿ, ಅವಳ ಬುಟ್ಟಿಗೆ ಕೈಹಾಕಿದ ಹುಡುಗ. ಒಬ್ಬನಿಗೆ ಚಹಾ, ಇನ್ನೊಬ್ಬಳಿಗೆ ಊಟ ಮತ್ತು ಹಳೆಯ ಅಂಗಿ, ಉಳಿದಿಬ್ಬರಿಗೆ ರಾಜಿ. ಅವರೇ ತಾನೆಂದು ಸಂಜೆ ಕ್ರಿಸ್ತನು ತಿಳಿಸುತ್ತಾನೆ. ಮಾರ್ಟಿನನು ಕ್ರಿಸ್ತನಿಗಾಗಿ ಕಾದಿದ್ದನೇನೋ ಹೌದು. ಆದರೆ ಬಂದವರನ್ನು ಕ್ರಿಸ್ತನೆಂದು ಬಗೆದು ಉಪಚರಿಸಲಿಲ್ಲ. ಅವರ ಚಳಿ ಹಸಿವುಗಳನ್ನು ಕಂಡಾಗ ಕಾಯುವುದನ್ನೇ ಅಷ್ಟು ಹೊತ್ತು ಮರೆತನು. ತೊಡಕಿಗೆ ಟಾಲ್‌ಸ್ಟಾಯ್ ಕೊಟ್ಟ ಉತ್ತರ ಇದೇ ಇರಬೇಕು. ನಮಗೂ ಇದಕ್ಕಿಂತ ಒಳ್ಳೆಯದು ತೋಚಿಲ್ಲ.

ನಮ್ಮ ವಾಚಕರಲ್ಲಿ ಬಹುಮಂದಿಯ ಜೀವನೋಪಾಯಕ್ಕೂ ಈ ಸಾಮ್ಯಕ್ಕೂ ಒಂದು ನಂಟಿದೆ. ೩೭೦ರ ಸುಮಾರಿಗೆ ಕಪ್ಪದೋಕ್ಯದ ಕೈಸರೈಯದಲ್ಲಿ, ಅಂದರೆ ಇಂದಿನ ತುರ್ಕಿಯಲ್ಲಿ, ಧರ್ಮಾಧ್ಯಕ್ಷನಾದ ಬೆಸಿಲನು ಬಡವರಿಗೂ ರೋಗಿಗಳಿಗೂ ದಾರಿಹೋಕರಿಗೂ ಕುಷ್ಠಪೀಡಿತರಿಗೂ ಒಂದು ದೊಡ್ಡ ಆಶ್ರಯಸ್ಥಾನವನ್ನು ಕಟ್ಟಿಸಿದನು. ೬ನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯ ೫೩ನೆಯ ಅಧ್ಯಾಯದಲ್ಲಿ, ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತನೆಂದೇ ಸ್ವಾಗತಿಸತಕ್ಕದ್ದೆಂದು ಈ ಸಾಮ್ಯವನ್ನೇ ಆಧಾರವಾಗಿ ಹಿಡಿದು ವಿಧಿಸಿದನು. ಇಂಥ ಅತಿಥಿಗೃಹಗಳಿಗೆ ಲ್ಯಾಟಿನಿನಲ್ಲಿದ್ದ ಹೆಸರಿನ ಮೂಲ ಹಾಸ್ಪೆಸ್ ಎಂಬ ಪದ. ಅತಿಥಿಗೂ ಆತಿಥೇಯನಿಗೂ ಅದೊಂದೇ ಮಾತು. ಆ ಮೂಲದಿಂದಲೇ ಒಂದು ಕವಲಿನಲ್ಲಿ ಹಾಸ್ಪಿಟಲ್ ಹುಟ್ಟಿ ನಮ್ಮ ಬಾಯಲ್ಲಿ ಆಸ್ಪತ್ರೆಯಾಯಿತು; ಇನ್ನೊಂದು ಕವಲಿನಲ್ಲಿ ಫ್ರೆಂಚರ ಮೂಲಕ ಹೋಟೆಲ್ ಬಂದಿತು. ಉಡುಪಿ ಹೋಟೆಲೆಂದು ನಾವು ಬರೆಯಿಸುವ ಬೋರ್ಡಿನಲ್ಲಿ ಅರ್ಧ ಮಾತು ಈ ವಂಶದ್ದು.

ದುಡ್ಡು ತೆಗೆದುಕೊಂಡು ಬಡಿಸಿದ ಅನ್ನ ಆ ಆರರಲ್ಲಿ ಸೇರುವುದೋ ಎಂದು ಕೇಳುವವರುಂಟು. ಕೂಲಿಗೆ ಮಾಡಿದುದು ಕೂಲಿಯೇ. ಅದರಲ್ಲಿ ನಾಚಿಕೆಯೂ ಇಲ್ಲ, ಅದನ್ನು ದಾನವೆಂದು ಹೇಳಿಕೊಳ್ಳುವ ಅಗತ್ಯವೂ ಇಲ್ಲ. ಆದರೆ ಅಂಗಡಿ ಮುಚ್ಚಿದ ಮೇಲೆ ಬೆಂಚಿನ ಮೇಲೆ ಜ್ವರದಿಂದ ಮಲಗಿದ ಹೊಸ ಮಾಣಿಯ ತಲೆದೆಸೆಯಲ್ಲಿ ಎಚ್ಚರವಾಗಿ ಕುಳಿತವನ ಕೆಲಸಕ್ಕೆ ಯಾವ ಸಂಬಳದ ಪಟ್ಟಿಯಲ್ಲಿಯೂ ಹೆಸರಿಲ್ಲ. ಊರಿನಿಂದ ವಿಳಾಸದ ಚೀಟಿಯೊಂದನ್ನು ಹಿಡಿದು ಬಂದವನಿಗೆ ಹತ್ತು ಮಂದಿ ಒತ್ತಾಗಿ ಮಲಗುವ ಕೋಣೆಯಲ್ಲಿ ಹನ್ನೊಂದನೆಯ ಚಾಪೆ ಹಾಸಿದವರ ಕೆಲಸಕ್ಕೂ ಇಲ್ಲ. ಮುಂಬಯಿ, ಪುಣೆ, ಮದರಾಸುಗಳಿಗೆ ಬರಿಗೈಯಲ್ಲಿ ಬಂದ ನಮ್ಮವರ ಬಾಳಿಗೆ ಮೊದಲ ಆಸರೆಯಾದವರು ಬಹಳ ಮಟ್ಟಿಗೆ ಇಂಥವರೇ. ಪರದೇಶಿಯೆಂದರೇನೆಂಬುದನ್ನು ನಮಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಕಾರರಲ್ಲಿ ಒಬ್ಬೊಬ್ಬರು ಈ ವಿಚಾರಣೆಯನ್ನು ಒಂದೊಂದು ಬಗೆಯಾಗಿ ಕಂಡರು. ಇಟಲಿಯ ರಾವೆನ್ನಾ ಪಟ್ಟಣದಲ್ಲಿ, ೬ನೆಯ ಶತಮಾನದ ಆದಿಯ ಬಣ್ಣಗಲ್ಲಿನ ಚಿತ್ರವೊಂದರಲ್ಲಿ ಗಡ್ಡವಿಲ್ಲದ ಯುವಕ ಕ್ರಿಸ್ತನು ಶಾಂತನಾಗಿ ಕುಳಿತಿದ್ದಾನೆ. ಒಂದು ಕಡೆ ಮೂರು ಕುರಿ ಮತ್ತು ಕೆಂಪು ದೂತ, ಇನ್ನೊಂದು ಕಡೆ ಮೂರು ಆಡು ಮತ್ತು ನೀಲಿ ದೂತ. ಬೆಂಕಿಯೂ ಇಲ್ಲ, ಗೋಳೂ ಇಲ್ಲ. ಮೈಕೆಲಾಂಜೆಲೊ ೧೫೩೬ರಿಂದ ೧೫೪೧ರವರೆಗೆ ರೋಮಿನ ಸಿಸ್ಟೀನ್ ಮಂದಿರದ ಗೋಡೆಯ ಮೇಲೆ ಬರೆದ ಕಡೆಯ ತೀರ್ಪೋ, ನೋಡುವವನ ಎದೆ ನಡುಗಿಸುವಂಥದು. ನಮಗೆ ಇವೆರಡಕ್ಕಿಂತ ಹಿಡಿಸಿದ್ದು ಕಾರಾವಾಜ್ಜೊ ೧೬೦೭ರಲ್ಲಿ ನೇಪಲ್ಸಿನ ಒಂದು ಧರ್ಮಸಂಸ್ಥೆಗೆ ಬರೆದುಕೊಟ್ಟ ಚಿತ್ರ. ಮಧ್ಯಯುಗದವರು ತೋಬೀತನ ಗ್ರಂಥದ ಆಧಾರದಿಂದ, ಸತ್ತವರನ್ನು ಹೂಳುವುದನ್ನು ಏಳನೆಯ ಕೆಲಸವಾಗಿ ಪಟ್ಟಿಗೆ ಸೇರಿಸಿದ್ದರು. ಆ ಏಳನ್ನೂ ಕಾರಾವಾಜ್ಜೊ ಒಂದೇ ಕತ್ತಲೆಯ ಬೀದಿಯಲ್ಲಿ ತುರುಕಿದ್ದಾನೆ. ಸೆರೆಮನೆಯ ಕಂಬಿಗಳಿಂದ ತಲೆ ಹೊರಚಾಚಿದ ಮುದಿ ತಂದೆಗೆ ಮಗಳು ತನ್ನ ಮೊಲೆಹಾಲನ್ನೇ ಕುಡಿಸುತ್ತಿದ್ದಾಳೆ. ಅವಳ ಹಿಂದೆ ಮೂಲೆಯಲ್ಲಿ ಹೆಣವೊಂದರ ಎರಡು ಪಾದಗಳು ಮಾತ್ರ ಕಾಣುತ್ತವೆ. ಮೇಲೆ ಆಕಾಶದಲ್ಲಿ ಮಾತೆಯೂ ಮಗುವೂ ದೂತರೂ ಇದ್ದಾರೆ, ಸಿಂಹಾಸನವಿಲ್ಲ, ನ್ಯಾಯಾಧಿಪತಿಯಿಲ್ಲ. ಬೀದಿಯವರಲ್ಲಿ ಒಬ್ಬರಾದರೂ ತಲೆಯೆತ್ತಿ ನೋಡುತ್ತಿಲ್ಲ.

ಅರಸನ ಮುಂದೆ ಬಂದು ನಿಲ್ಲುವುವು ಜನಾಂಗಗಳೆಂಬುದನ್ನೂ ಮರೆಯಲಾಗದು. ಒಬ್ಬೊಬ್ಬನ ದಯೆ ಮಾತ್ರವಲ್ಲದೆ ನಾಡುನಾಡುಗಳ ನಡತೆಯೂ ವಿಚಾರಣೆಗೆ ಬರುವುದೆಂಬ ಅರ್ಥವನ್ನು ಇದರಿಂದ ಹೊರಡಿಸಿದವರಿದ್ದಾರೆ. ೧೯೬೮ರ ಮಾರ್ಚ್ ೩೧ರಂದು, ತನ್ನ ಕೊಲೆಗೆ ನಾಲ್ಕು ದಿನ ಮುಂಚೆ, ಮಾರ್ಟಿನ್ ಲೂಥರ್ ಕಿಂಗರು ವಾಷಿಂಗ್ಟನ್ನಿನ ಮಹಾದೇವಾಲಯದಲ್ಲಿ ಮಾಡಿದ ಉಪದೇಶದಲ್ಲಿ ಈ ಸಾಮ್ಯವನ್ನು ತಮ್ಮ ದೇಶಕ್ಕೇ ಅನ್ವಯಿಸಿದರು: ಸೇತುವೆಗಳನ್ನೂ ಮುಗಿಲೆತ್ತರದ ಕಟ್ಟಡಗಳನ್ನೂ ಕಟ್ಟಿದೆವೆಂದು ಅಮೇರಿಕ ಹೇಳಿಕೊಂಡರೆ, ಹಸಿದವರಿಗೇನು ಮಾಡಿದಿರೆಂಬ ಪ್ರಶ್ನೆ ಬಂದೇ ಬರುವುದೆಂದರು. ನಮ್ಮ ನಾಡಿನಲ್ಲಿ ೧೯೫೨ರಲ್ಲಿ ಕಲಕತ್ತೆಯ ಕಾಳೀಘಾಟಿನಲ್ಲಿ ಮರಣೋನ್ಮುಖರಿಗಾಗಿ ಮನೆ ತೆರೆದ ಮದರ್ ತೆರೇಸಾ ಅವರ ಕಾರ್ಯಕ್ಕೂ ಇದೇ ಅಧ್ಯಾಯ ಆಧಾರ. ಹಸಿವಿನ ಕಾರಣವನ್ನು ಕೇಳುವುದೋ, ಹಸಿದವನಿಗೆ ಮೊದಲು ಉಣ್ಣಲಿಕ್ಕುವುದೋ ಎಂಬ ವಾದ ಇವರಿಬ್ಬರ ದಾರಿಗಳ ನಡುವೆ ಇದ್ದೇ ಇದೆ. ಸುವಾರ್ತೆ ಎರಡನೆಯದನ್ನು ಹೇಳುತ್ತದೆ, ಮೊದಲನೆಯದನ್ನು ಬೇಡವೆನ್ನುವುದಿಲ್ಲ.

ಈ ಸಾಮ್ಯವನ್ನು ಓದಿದವರು ಅಲ್ಲಿಗೇ ಪುಸ್ತಕ ಮುಚ್ಚುವುದುಂಟು. ಮುಂದಿನ ಅಧ್ಯಾಯವನ್ನೂ ಓದತಕ್ಕದ್ದು. ಬೇಥಾನ್ಯದಲ್ಲಿ ಸೀಮೋನನ ಮನೆಯ ಊಟದಲ್ಲಿ ಹೆಂಗಸೊಬ್ಬಳು ಬಹು ಬೆಲೆಯುಳ್ಳ ಸುಗಂಧತೈಲವನ್ನು ಯೇಸುವಿನ ತಲೆಯ ಮೇಲೆ ಹೊಯ್ಯುತ್ತಾಳೆ. ಹಸಿದವರ ಮಾತನ್ನು ಆಗತಾನೇ ಕೇಳಿದ್ದ ಶಿಷ್ಯರು, ಅದನ್ನು ಮಾರಿ ಬಡವರಿಗೆ ಹಂಚಬಹುದಾಗಿತ್ತೆಂದು ಸಿಟ್ಟಾಗುತ್ತಾರೆ. ಪಾಠವನ್ನು ಅವರು ಲೆಕ್ಕದ ಪುಸ್ತಕಕ್ಕೆ ಏರಿಸಿಯಾಗಿತ್ತು. ಯೇಸು ಆ ಹೆಂಗಸಿನ ಪಕ್ಷ ವಹಿಸಿ, ಅವಳು ತನ್ನ ಶವಸಂಸ್ಕಾರಕ್ಕೆ ಸಿದ್ಧತೆ ಮಾಡಿದಳೆನ್ನುತ್ತಾನೆ. ಬಳಿಕ ಬೇಗಬೇಗನೆ ನಡೆದುಹೋಗುತ್ತದೆ. ಆತನನ್ನು ಕಟ್ಟಿ ಒಯ್ಯುತ್ತಾರೆ, ಶಿಷ್ಯರೆಲ್ಲ ಓಡಿಹೋಗುತ್ತಾರೆ. ಅಂಗಳದವರೆಗೆ ಹಿಂಬಾಲಿಸಿದ ಪೇತ್ರನು ಆ ಮನುಷ್ಯನನ್ನು ತಾನರಿಯೆನೆಂದು ಆಣೆಯಿಡುತ್ತಾನೆ. ಸಿಪಾಯಿಗಳು ಬಟ್ಟೆ ತೆಗೆಯಿಸುತ್ತಾರೆ. ಶಿಲುಬೆಗೇರಿಸಿದ ಮೇಲೆ ಅದನ್ನು ಚೀಟಿ ಹಾಕಿ ಹಂಚಿಕೊಳ್ಳುತ್ತಾರೆ. ಸಂಜೆಯಾದ ಮೇಲೆ ಅರಿಮಥಾಯದ ಯೋಸೇಫನೆಂಬ ಧನಿಕನೊಬ್ಬನು ಅಧಿಪತಿಯ ಬಳಿಗೆ ಹೋಗಿ ಹೆಣವನ್ನು ಕೇಳಿ ಪಡೆದು, ಶುದ್ಧವಾದ ನಾರುಮಡಿಯಲ್ಲಿ ಸುತ್ತಿ, ತನಗಾಗಿ ಕೊರೆಯಿಸಿದ್ದ ಹೊಸ ಸಮಾಧಿಯಲ್ಲಿ ಇಟ್ಟು ಹೋಗುತ್ತಾನೆ.